ಅಪ್ಪ ಕೂತು ನೋಡುತ್ತಿದ್ದ ಆಟ

ಅಪ್ಪ ಸಿನಿಮಾ ತರಲು ಹೋಗಿ ಆಟ ತಂದಿದ್ದ. ಶಿವಾಜಿನಗರದ ಬಸ್ ನಿಲ್ದಾಣದ ಹೊರಗೆ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಡಿಸ್ಕ್ ಮಾರುತ್ತಿದ್ದವನಿಗೆ, ತಾನು ಮದುವೆಗೆ ಮೊದಲು ದಂಡು ಪ್ರದೇಶದ ಟಾಕೀಸೊಂದರಲ್ಲಿ ನಾಲ್ಕು ಸಲ ನೋಡಿದ್ದ ಹಳೆಯ ಇಂಗ್ಲಿಷ್ ಗ್ಯಾಂಗ್‌ಸ್ಟರ್ ಸಿನಿಮಾದ ಹೆಸರು ಹೇಳಿದನಂತೆ. ಅವನು ಅದೇ ಹೆಸರಿನ ಪೊಟ್ಟಣ ತೆಗೆದುಕೊಟ್ಟ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾವು ನಾಲ್ವರೂ ಹಾಲಿನಲ್ಲಿ ಸೇರಿದೆವು. ಅಕ್ಕನ ಕಂಪ್ಯೂಟರ್ ಕ್ಲಾಸಿಗೆಂದು ಕೊಂಡಿದ್ದ ಕಂಪ್ಯೂಟರಿನೊಳಗೆ ಡಿಸ್ಕ್ ತಳ್ಳಿದರೆ ಸಿನಿಮಾ ಶುರುವಾಗುವ ಬದಲು ಏನೇನೋ ಪ್ರಶ್ನೆ ಕೇಳತೊಡಗಿತು. ಅಕ್ಕ ಓದಿ ನೋಡಿ, "ಇದು ಸಿನಿಮಾ ಅಲ್ಲಪ್ಪ, ಆ ಸಿನಿಮಾ ಇಟ್ಕೊಂಡು ಮಾಡಿರೋ ಗೇಮು," ಎಂದಳು. ಅಮ್ಮ ನಕ್ಕು ಎದ್ದು ಹೋದಳು. ಅಕ್ಕ ತಲೆಗೂದಲು ಒಣಗಿಸಿಕೊಳ್ಳಲು ತಾರಸಿಗೆ ಹೋದಳು. ಅಪ್ಪ ಮಾತ್ರ ಬೆತ್ತದ ಕುರ್ಚಿ ಬಿಟ್ಟು ಏಳಲಿಲ್ಲ. ನನಗಾಗ ಹನ್ನೆರಡು ವರ್ಷ.

"ನಿನಗೆ ಬರುತ್ತೇನೇ ನಂದು, ಇದನ್ನ ಆಡೋಕೆ?" ಎಂದು ನನ್ನನ್ನು ಕೇಳಿದ.

ಬರುತ್ತಿರಲಿಲ್ಲ. ಬರುತ್ತೆ ಎಂದೆ.

ನಮ್ಮ ಮನೆ ರಾಮಮೂರ್ತಿ ನಗರದಲ್ಲಿ, ಮೊದಲನೇ ಮಹಡಿಯಲ್ಲಿತ್ತು. ಕಬ್ಬಿಣದ ಮೆಟ್ಟಿಲು ಹತ್ತಿದರೆ ಒಂದು ಉದ್ದನೆಯ ಓಣಿ, ಅದಕ್ಕೆ ತೆರೆದುಕೊಂಡ ಎರಡು ಬಾಡಿಗೆ ಮನೆಗಳು. ಒಂದು ನಮ್ಮದು, ಇನ್ನೊಂದು ಸುಶೀಲಮ್ಮನವರದು. ಅವರ ಗಂಡ ಸಿಟಿ ಬಸ್ಸಿನ ಡ್ರೈವರು. ಎರಡೂ ಮನೆಯ ಅಡುಗೆ ಕಿಟಕಿಗಳು ಓಣಿಗೇ ಇದ್ದದ್ದರಿಂದ ಅವರ ಮನೆಯ ಒಗ್ಗರಣೆಗೆ ನಾವು ಸೀನುತ್ತಿದ್ದೆವು, ನಮ್ಮ ಮನೆಯ ಬಸ್ಸಾರಿನ ವಾಸನೆಗೆ ಅವರು ಬಟ್ಟಲು ಹಿಡಿದು ಬರುತ್ತಿದ್ದರು. ಒಳಗೆ ಒಂದು ಹಾಲು, ಒಂದು ಕೋಣೆ, ಅಡುಗೆಮನೆ. ಕೋಣೆ ಅಪ್ಪ ಅಮ್ಮನದು. ಹಾಲಿನಲ್ಲಿ ಅಕ್ಕ ನಾನು ಒಂದೇ ಚಾಪೆಯ ಮೇಲೆ ಮಲಗುತ್ತಿದ್ದೆವು, ಕಾಲ ಬಳಿ ಕಂಪ್ಯೂಟರಿನ ಮೇಜು. ಅಪ್ಪ ವಿಮಾನಪುರದ ಕಾರ್ಖಾನೆಯಲ್ಲಿ ಫಿಟ್ಟರ್. ಸಂಜೆ ಐದಕ್ಕೆ ಬಂದು, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು, ಕಾಫಿ ಕುಡಿದ ಮೇಲೆಯೇ ಮನೆಗೆ ಅವನ ಮಾತು ಸಿಗುತ್ತಿದ್ದುದು.

ಆ ಆಟ ನಮ್ಮಿಬ್ಬರದಾದದ್ದು ಹೀಗೆ. ಅಪ್ಪ ಕಾಫಿ ಲೋಟ ಹಿಡಿದು ಕುರ್ಚಿಯಲ್ಲಿ ಕೂರುತ್ತಿದ್ದ, ನಾನು ಸ್ಟೂಲಿನ ಮೇಲೆ. ಪರದೆಯ ಮೇಲೆ ಹಳೆಯ ಕಾಲದ ಅಮೆರಿಕದ ಊರು. ಉದ್ದ ಮೂತಿಯ ಕಾರುಗಳು, ಟೋಪಿಯ ಗಂಡಸರು. ಎಲ್ಲಿಗೆ ಬೇಕಾದರೂ ನಡೆದುಹೋಗಬಹುದು, ಯಾವ ಬಾಗಿಲನ್ನಾದರೂ ಒದೆಯಬಹುದು. ಮೊದಲನೇ ದಿನವೇ ಅಪ್ಪನಿಗೆ ಒಂದು ತಕರಾರು ಬಂತು.

"ಇವನ್ಯಾರು? ಸಿನಿಮಾದಲ್ಲಿ ಇವನಿರಲಿಲ್ಲ."

"ಇದು ನಾನಪ್ಪ."

ಸಿನಿಮಾದ ದೊಡ್ಡ ದೊಡ್ಡ ಮನುಷ್ಯರೆಲ್ಲ ಆಟದಲ್ಲಿಯೂ ಇದ್ದರು. ಆದರೆ ಅವರಾಗಿ ಆಡುವಂತಿರಲಿಲ್ಲ. ಅವರು ಕೋಣೆಯೊಳಗೆ ಕೂತು ಮೆಲ್ಲಗೆ ಮಾತಾಡುತ್ತಿದ್ದರು. ಬಾಗಿಲ ಹೊರಗೆ ನಿಂತು, ಅವರು ಹೇಳಿದ್ದನ್ನು ಮಾಡಿ ಬರುವವನು ನಾನು. ಸಿನಿಮಾದಲ್ಲಿ ಬರೀ ಸುದ್ದಿಯಾಗಿ ಬಂದುಹೋಗುವ ಕೆಲಸಗಳನ್ನು ಇಲ್ಲಿ ನಾನೇ ಹೋಗಿ ಮಾಡಬೇಕಿತ್ತು. ಇದು ಅಪ್ಪನಿಗೆ ಬಹಳ ಹಿಡಿಸಿತು. "ಓಹೋ, ಇದನ್ನ ಮಾಡಿದೋನು ಇವನಾ," ಎನ್ನುತ್ತಿದ್ದ. ಆ ಸಿನಿಮಾ ನೋಡಿದ ಕಾಲದಲ್ಲಿ ಅವನಿಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲವಂತೆ. ಮುಖಗಳನ್ನು ನೋಡಿಯೇ ಕಥೆ ಅರ್ಥ ಮಾಡಿಕೊಂಡೆ ಎಂದು ಹೆಮ್ಮೆಯಿಂದ ಹೇಳುತ್ತಿದ್ದ.

ಆಟದ ದಿನಗೆಲಸವೆಂದರೆ ಅಂಗಡಿಯವರನ್ನು ಹೆದರಿಸುವುದು. ಬ್ರೆಡ್ಡಿನ ಅಂಗಡಿ, ಹೂವಿನಂಗಡಿ, ಕ್ಷೌರದಂಗಡಿ, ಯಾವುದಾದರೂ ಸರಿ. ಒಳಗೆ ಹೋಗಿ ಅಂಗಡಿಯವನ ಕಾಲರ್ ಹಿಡಿದು ಗಲ್ಲಾಪೆಟ್ಟಿಗೆಗೆ ಒತ್ತಬೇಕು. ಪರದೆಯ ಮೂಲೆಯಲ್ಲಿ ಒಂದು ಪಟ್ಟಿ ಬಣ್ಣ ತುಂಬಿಕೊಳ್ಳುತ್ತಾ ಹೋಗುತ್ತದೆ. ಒಂದು ಗೆರೆ ದಾಟಿದರೆ ಅವನು ಒಪ್ಪುತ್ತಾನೆ. ಇನ್ನೂ ಒತ್ತಿದರೆ ಇನ್ನೂ ಹೆಚ್ಚಿಗೆ ಕೊಡುತ್ತಾನೆ. ಆದರೆ ಎರಡನೆಯ ಗೆರೆ ದಾಟಿತೋ, ಆಮೇಲೆ ಅವನಿಂದ ಏನೂ ಸಿಗುವುದಿಲ್ಲ; ತಿರುಗಿ ಹೊಡೆಯಲು ಬರುತ್ತಾನೆ. ನಾನು ಆತುರಗಾತಿ. ಪ್ರತಿ ಸಲವೂ ಮೀರಿಬಿಡುತ್ತಿದ್ದೆ.

"ಅಷ್ಟೊಂದು ಹಿಸುಕಬೇಡ," ಅಪ್ಪ ಹಿಂದಿನಿಂದ ಹೇಳುತ್ತಿದ್ದ. "ಅವನ ಮುಖ ನೋಡು. ಹೆದರಿದಾನೆ ಅಂತ ಗೊತ್ತಾದ ತಕ್ಷಣ ಕೈ ತೆಗಿ. ಕೈ ತೆಗೆದ್ರೆ ಅವನೇ ಬಾಯಿ ಬಿಡ್ತಾನೆ."

ಅವನು ಹೇಳಿದ ಹಾಗೆಯೇ ಆಗುತ್ತಿತ್ತು. ಕತ್ತಲಾಗಿ ಅಮ್ಮ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಕಂಪ್ಯೂಟರ್ ಆರಬೇಕು, ದೀಪದ ಹೊತ್ತಿನಲ್ಲಿ ಮನೆಯೊಳಗೆ ಗುಂಡಿನ ಸದ್ದು ಬೇಡ ಎಂಬುದು ಅವಳ ಕಟ್ಟಳೆ. ಆ ಒಂದು ಗಂಟೆಗಾಗಿ ನಾನು ಇಡೀ ದಿನ ಕಾಯುತ್ತಿದ್ದೆ. ಆಟಕ್ಕೋ, ಅಪ್ಪ ಪಕ್ಕದಲ್ಲಿರುತ್ತಾನೆಂದೋ, ಇವತ್ತಿಗೂ ಬಿಡಿಸಿ ಹೇಳಲಾರೆ.

ಅಪ್ಪ ಯಾವತ್ತೂ ನಮ್ಮ ಮೇಲೆ ಕೈಯೆತ್ತಿದವನಲ್ಲ, ದನಿಯನ್ನೂ ಎತ್ತಿದವನಲ್ಲ. ಸಿಟ್ಟು ಬಂದರೆ ಮಾತು ನಿಲ್ಲಿಸುತ್ತಿದ್ದ. ಅಮ್ಮ ಮುದ್ದೆ ಬಡಿಸಿಟ್ಟ ತಟ್ಟೆಯ ಮುಂದೆ ಕೂತು, ಸ್ವಲ್ಪ ಹೊತ್ತು ಅದನ್ನೇ ನೋಡಿ, ಕೈ ಇಡದೆ ಎದ್ದುಬಿಡುತ್ತಿದ್ದ. ಆಗ ಅಮ್ಮನೂ ಉಣ್ಣುತ್ತಿರಲಿಲ್ಲ. ಅಮ್ಮ ಉಣ್ಣದೆ ನಾವು ಹೇಗೆ ಉಣ್ಣುವುದು? ಎರಡನೇ ದಿನ, ಮೂರನೇ ದಿನ, ಯಾರಾದರೊಬ್ಬರು ಸೋಲುವವರೆಗೂ ಮನೆಯಲ್ಲಿ ಪಾತ್ರೆಯ ಸದ್ದೂ ತಗ್ಗಿಹೋಗುತ್ತಿತ್ತು. ಅಪ್ಪ ಸೋತದ್ದನ್ನು ನಾನು ನೋಡಿರಲಿಲ್ಲ.

ಅಕ್ಕ ದಿವ್ಯಾ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಇಂದಿರಾನಗರದ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಆ ವರ್ಷ ದೀಪಾವಳಿ ಕಳೆದ ಮೇಲೆ ಅವಳು ಮನೆಗೆ ಬರುವುದು ತಡವಾಗತೊಡಗಿತು. ಅಂಗಡಿಯಲ್ಲಿ ಸ್ಟಾಕ್ ನೋಡುವುದಿದೆ ಎನ್ನುತ್ತಿದ್ದಳು. ಅಪ್ಪ ಏನೂ ಕೇಳುತ್ತಿರಲಿಲ್ಲ, ಗೋಡೆ ಗಡಿಯಾರ ನೋಡುತ್ತಿದ್ದ, ಅಷ್ಟೆ. ಒಂದು ಸಂಜೆ ನಾನು ಕಾರು ಓಡಿಸುತ್ತಿದ್ದಾಗ ಪರದೆಯ ಮೇಲಿನ ಕಣ್ಣು ತೆಗೆಯದೆ ಹೇಳಿದ:

"ನಿನ್ನ ಸ್ಕೂಲು ಅವಳ ಅಂಗಡಿ ಹತ್ರಾನೇ ಅಲ್ವಾ? ನಾಳೆ ಸ್ಕೂಲ್ ಬಿಟ್ಟ ಮೇಲೆ ಅಲ್ಲೇ ಇದ್ದು, ಅವಳು ಎಷ್ಟೊತ್ತಿಗೆ ಹೊರಡ್ತಾಳೆ, ಎಲ್ಲಿಗೆ ಹೋಗ್ತಾಳೆ ನೋಡ್ಕೊಂಡು ಬಾ. ಅವಳಿಗೆ ಕಾಣಿಸ್ಕೋಬೇಡ."

"ಯಾಕಪ್ಪ?"

"ಹೆಣ್ಣುಮಗು, ಕತ್ತಲಾಗುತ್ತಲ್ಲ, ಅದಕ್ಕೆ. ನಿಮ್ಮಮ್ಮಂಗೆ ನಾನು ಹೇಳ್ತೀನಿ, ಇನ್ಮೇಲೆ ದೀಪ ಹಚ್ಚಿದ ಮೇಲೂ ಒಂದು ಗಂಟೆ ನೀನು ಆಡಬಹುದು. ಸೌಂಡ್ ಇಲ್ದೆ."

ನನಗಾದದ್ದು ಭಯವಲ್ಲ, ಸಂತೋಷ. ಮುಚ್ಚಿಟ್ಟರೆ ಇದನ್ನೆಲ್ಲ ಬರೆದೂ ಪ್ರಯೋಜನವಿಲ್ಲ. ಕೋಣೆಯೊಳಗೆ ಕೂತವರು ಬಾಗಿಲ ಹೊರಗೆ ನಿಂತವನಿಗೆ ಕೆಲಸ ಹೇಳಿದ ಹಾಗಾಯಿತು ನನಗೆ.

ಮರುದಿನ ಸೋಮವಾರ. ಅಂಗಡಿಯ ಎದುರಿನ ಬೇಕರಿಯಲ್ಲಿ ಒಂದು ಬನ್ನು ಹಿಡಿದು ನಿಂತೆ. ಐದೂವರೆಗೇ ಅಕ್ಕ ಹೊರಬಂದಳು. ಅವಳ ಹಿಂದೆಯೇ ಒಬ್ಬ ಎತ್ತರದ ಹುಡುಗ. ಇಬ್ಬರೂ ಬಸ್ ಸ್ಟಾಪ್ ದಾಟಿ ಹಲಸೂರಿನ ಕಡೆಗೆ ನಡೆದರು. ನಾನು ರಸ್ತೆಯ ಈಚೆ ಬದಿಯಿಂದ, ಆಟದಲ್ಲಿ ಕಲಿತ ಹಾಗೆ, ನಡುವೆ ನಾಲ್ಕಾರು ಜನರನ್ನು ಬಿಟ್ಟುಕೊಂಡು ಹಿಂಬಾಲಿಸಿದೆ. ಹಲಸೂರು ಕೆರೆಯ ದಂಡೆಯ ಕಲ್ಲು ಬೆಂಚಿನ ಮೇಲೆ ಅವರು ಕೂತರು. ನಾನು ಮರದ ಹಿಂದೆ ನಿಂತೆ. ಅವನು ತಮಿಳು ಬೆರೆತ ಕನ್ನಡದಲ್ಲಿ ಏನೋ ಹೇಳಿದ, ಅಕ್ಕ ಬಾಯಿ ತುಂಬ ನಕ್ಕಳು. ಆಮೇಲೆ ಅವನು ಅವಳ ಕನ್ನಡಕ ತೆಗೆದು ಬಾಯಿಯ ಹಬೆ ಊದಿ, ತನ್ನ ಅಂಗಿಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಅವಳ ಕಿವಿಗೆ ಸಿಕ್ಕಿಸಿದ. ಕನ್ನಡಕವಿಲ್ಲದ ಅಷ್ಟು ಹೊತ್ತೂ ಅಕ್ಕ ಏನೂ ಕಾಣದವಳ ಹಾಗೆ, ಆದರೆ ಯಾವ ಹೆದರಿಕೆಯೂ ಇಲ್ಲದೆ ಕೂತಿದ್ದಳು. ಮನೆಯಲ್ಲಿ ನಾನು ಆ ಮುಖ ನೋಡಿರಲಿಲ್ಲ. ಅವರು ಎದ್ದು ಗೇಟಿನ ಹತ್ತಿರ ಬಂದಾಗ, ಸೋಮೇಶ್ವರನ ಗುಡಿಗೆ ಹೊರಟಿದ್ದ ಸುಶೀಲಮ್ಮ ಹೂವು ಹಣ್ಣಿನ ಚೀಲ ಹಿಡಿದು ಎದುರಾದರು. ಪ್ರತಿ ಸೋಮವಾರವೂ ಅವರು ಅಲ್ಲಿಗೆ ಹೋಗುತ್ತಿದ್ದರು. ಅಕ್ಕ ನಿಂತಲ್ಲೇ ನಿಂತಳು. ಸುಶೀಲಮ್ಮ ಅವಳನ್ನು ನೋಡಿ, ಅವನನ್ನು ನೋಡಿ, ತಲೆಯಾಡಿಸಿ ಮುಂದೆ ಹೋದರು.

ಮಂಗಳವಾರ ಸಂಜೆ ಅಪ್ಪ ಕಾಫಿ ಕುಡಿದು ಮುಗಿಸುವವರೆಗೂ ಏನೂ ಕೇಳಲಿಲ್ಲ. ನಾನು ಮಾಂಸದಂಗಡಿಯವನೊಬ್ಬನ ಕಾಲರಿಗೆ ಕೈ ಹಾಕಿದ್ದೆ.

"ನಿನ್ನೆ ಸ್ಟಾಕ್ ನೋಡ್ತಿದ್ರಾ ಅಂಗಡೀಲಿ?"

ನನ್ನ ಬೆರಳು ನಿಂತಿತು.

"ನಿಲ್ಲಿಸಬೇಡ. ಆಡ್ತಾ ಹೇಳು."

"ಇಲ್ಲ. ಐದೂವರೆಗೆ ಬಂದ್ಬಿಟ್ಳು."

"ಆಮೇಲೆ?"

"ನಡ್ಕೊಂಡು ಹೋದ್ಳು. ಕೆರೆ ಹತ್ರ."

"ಒಬ್ಬಳೇನಾ?"

ಬೆಂಚು, ನಗು, ಆ ಮುಖ ಎಲ್ಲ ಕಣ್ಣ ಮುಂದೆ ಬಂತು. ಹೇಳಬಾರದೆನ್ನುವುದು ಗೊತ್ತಾಗುತ್ತಿತ್ತು. ಅಪ್ಪ ಒತ್ತಾಯ ಮಾಡಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ನನ್ನ ನೆತ್ತಿ ಸವರಿದ. "ಬೇಡ ಬಿಡು," ಎಂದ. "ನೀನು ನನ್ನ ಹತ್ರ ಸುಳ್ಳು ಹೇಳಲ್ಲ ಅಂತ ನನಗೆ ಗೊತ್ತು. ಅಷ್ಟು ಸಾಕು." ಎಂದು ಕೈ ತೆಗೆದ.

ಕೈ ತೆಗೆದ ಮೇಲೆ ನಾನು ಎಲ್ಲವನ್ನೂ ಹೇಳಿದೆ. ಹುಡುಗನ ಎತ್ತರ, ಅಂಗಿಯ ಬಣ್ಣ, ಅವನಾಡಿದ ತಮಿಳು ಬೆರೆತ ಕನ್ನಡ. ಕನ್ನಡಕ ಒರೆಸಿ ಹಾಕಿದ್ದನ್ನೂ ಹೇಳಿದೆ. ಅದನ್ನು ಅವನು ಕೇಳಿರಲಿಲ್ಲ. ಚೆನ್ನಾಗಿ ಹೇಳಬೇಕೆಂಬ ಆಸೆಗೆ ಹೇಳಿದೆ.

ಅವತ್ತು ಅಪ್ಪ ತಟ್ಟೆಗೆ ಕೈ ಇಡಲಿಲ್ಲ. ಮರುದಿನವೂ ಇಲ್ಲ. ಗುರುವಾರ ಬೆಳಿಗ್ಗೆ ಅಕ್ಕ ಕೆಲಸಕ್ಕೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತು, ಕೈ ಚಾಚಿ ಅವಳ ಮೊಬೈಲ್ ಇಸಿದುಕೊಂಡ.

"ಇವತ್ತಿಂದ ಕೆಲಸ ಬೇಡ."

"ಯಾಕಪ್ಪ?"

"ಕೆರೆ ಹತ್ರ ಯಾರ ಜೊತೆ ಕೂತಿದ್ದೆ ಅಂತ ನಿನಗೇ ಗೊತ್ತಲ್ಲ."

ಅಕ್ಕನ ಮುಖ ಬಿಳುಚಿತು. "ಯಾರು ಹೇಳಿದ್ದು ನಿಮಗೆ?"

"ಯಾರು ಹೇಳಿದ್ರೇನು. ಸುಳ್ಳಾ?"

ಅಕ್ಕ ಅಪ್ಪನ ಪಕ್ಕದಲ್ಲಿ ನುಗ್ಗಿ ಓಣಿಗೆ ಹೋದಳು. ಸುಶೀಲಮ್ಮ ಕಿಟಕಿಯ ಬಳಿ ಸೊಪ್ಪು ಬಿಡಿಸುತ್ತಿದ್ದರು. ಅಕ್ಕನ ದನಿ ಕೆಳಗಿನ ಮನೆಯವರಿಗೂ ಕೇಳಿಸಿತು.

"ಗುಡಿಗೆ ಹೋಗೋದು ಇದಕ್ಕೇನಾ ಆಂಟಿ? ಬೇರೆಯವರ ಮನೆ ಹೆಣ್ಮಕ್ಕಳನ್ನ ನೋಡ್ಕೊಂಡು ಬಂದು ಚಾಡಿ ಹೇಳೋಕಾ? ನಿಮ್ಮ ಮನೆ ಅನ್ನ ತಿಂದು ಬೆಳೆದೋಳು ನಾನು. ಹೇಗೆ ಮನಸ್ಸು ಬಂತು ನಿಮಗೆ?"

ಸುಶೀಲಮ್ಮ ಸೊಪ್ಪು ಕೈಯಲ್ಲಿ ಹಿಡಿದು ಎದ್ದು ನಿಂತರು. "ನಾನು ಏನೂ ಹೇಳಿಲ್ಲ ದಿವ್ಯಾ," ಎಂದರು. ಅಮ್ಮ ಅಕ್ಕನನ್ನು ಒಳಗೆ ಎಳೆದುಕೊಂಡಳು. ಅಮ್ಮನೂ ಅವರನ್ನು ಒಂದು ತರಹ ನೋಡಿದಳು. ನಾನು ಬಾಗಿಲ ಸಂದಿಯಲ್ಲಿ ಯೂನಿಫಾರಂ ಹಾಕಿ ನಿಂತಿದ್ದೆ. ಅಪ್ಪನೂ ಅಲ್ಲೇ ಇದ್ದ. ಅವರಲ್ಲ ಎಂಬ ನಾಲ್ಕು ಅಕ್ಷರದ ಮಾತು ಗೊತ್ತಿದ್ದವರು ನಾವಿಬ್ಬರೇ. ಅಪ್ಪ ನನ್ನನ್ನು ನೋಡಿದ. ನಾನು ಅಪ್ಪನನ್ನು ನೋಡಿದೆ. ಇಬ್ಬರೂ ಹೇಳಲಿಲ್ಲ. ಅವತ್ತಿನಿಂದ ಓಣಿಯ ಆ ಕಿಟಕಿ ಮುಚ್ಚಿತು, ಬಟ್ಟಲುಗಳ ಓಡಾಟ ನಿಂತಿತು.

ಅಕ್ಕ ಮೆಟ್ಟಿಲಿಳಿದು ಹೊರಗೆ ಹೋಗದೆ ಮೂರು ವಾರ ಕಳೆದಳು. ಅಪ್ಪ ತನ್ನ ಕಾರ್ಖಾನೆಯವರೊಬ್ಬರ ತಮ್ಮನ ಕಡೆ ಸಂಬಂಧ ನೋಡಿ, ಮುಂದಿನ ಭಾನುವಾರ ಅವರು ಬರುತ್ತಾರೆ ಎಂದು ಅಮ್ಮನಿಗೆ ಹೇಳಿದ. ಮಲಗುವಾಗ ಅಕ್ಕ ನನ್ನ ಕಡೆ ತಿರುಗಿ ಎಲ್ಲವನ್ನೂ ಹೇಳುತ್ತಿದ್ದಳು. ಅವನ ಹೆಸರು ಸೆಲ್ವ, ಅಂಗಡಿಯಲ್ಲಿ ಕನ್ನಡಕದ ಗಾಜು ಕತ್ತರಿಸುವ ಕೆಲಸ, ಹಲಸೂರಿನಲ್ಲಿ ಅವನ ತಾಯಿಯ ಮನೆ. "ನಿನ್ನನ್ನ ಬಿಟ್ರೆ ನನಗೆ ಯಾರೂ ಇಲ್ಲ ನಂದು," ಎನ್ನುತ್ತಿದ್ದಳು. ನಾನು ಕಣ್ಣು ಮುಚ್ಚಿ ನಿದ್ದೆ ಬಂದವಳ ಹಾಗೆ ಉಸಿರಾಡುತ್ತಿದ್ದೆ.

ಆ ಭಾನುವಾರಕ್ಕೆ ಮುಂಚಿನ ಗುರುವಾರ ತಾರಸಿಯ ಮೇಲೆ ಬಟ್ಟೆ ಹರವುವಾಗ ಅವಳು ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ನನ್ನ ಕೈಗಿಟ್ಟಳು. "ನಾಳೆ ಸ್ಕೂಲಿಗೆ ಹೋಗುವಾಗ ಅಂಗಡಿಯಲ್ಲಿ ಅವನ ಕೈಗೇ ಕೊಡು. ಬೇರೆ ಯಾರಿಗೂ ಬೇಡ." ಅದನ್ನು ಜಾಮಿಟ್ರಿ ಬಾಕ್ಸಿನಲ್ಲಿಟ್ಟೆ.

ಅವತ್ತು ಸಂಜೆ ಅಪ್ಪ ಕುರ್ಚಿ ಎಳೆದುಕೊಂಡು ಕೂತ. ನಾನು ಆಟ ಹಚ್ಚಿದೆ. ಕಾರು ಗೋಡೆಗೆ ಹೊಡೆಯಿತು.

"ತಾರಸಿ ಮೇಲೆ ಬಹಳ ಹೊತ್ತು ಇದ್ರಿ ಇಬ್ರೂ," ಎಂದ.

"ಬಟ್ಟೆ ಜಾಸ್ತಿ ಇತ್ತು."

"ಏನಾದ್ರೂ ಕೊಟ್ಳಾ ನಿನ್ನ ಕೈಗೆ?"

"ಇಲ್ಲ."

ಅಡುಗೆಮನೆಯಲ್ಲಿ ಅಮ್ಮನ ಕೈ ನಿಂತಿತ್ತು, ಕೇಳಿಸಿಕೊಳ್ಳುತ್ತಿದ್ದಾಳೆಂದು ಗೊತ್ತಾಯಿತು. ಕೋಣೆಯಲ್ಲಿ ಅಕ್ಕ. ಮೇಜಿನ ಕೆಳಗೆ ನನ್ನ ಕಾಲಿಗೆ ತಾಗಿಕೊಂಡು ಸ್ಕೂಲ್ ಬ್ಯಾಗು. ಅಪ್ಪ ಕೈ ಚಾಚಿದ್ದರೆ ಸಿಗುತ್ತಿತ್ತು. ಆದರೆ ಅವನು ಬ್ಯಾಗು ತಡಕುವ ಮನುಷ್ಯನಲ್ಲ. ಅವನಿಗೆ ನಾನೇ ಕೊಡಬೇಕಿತ್ತು.

"ನಂದು. ನನ್ನ ಮುಖ ನೋಡಿ ಹೇಳು."

ನಾನು ಸ್ಟೂಲಿನ ಮೇಲೆ ಪೂರ್ತಿ ತಿರುಗಿದೆ. ಅಪ್ಪ ಬಹಳ ಸುಸ್ತಾಗಿದ್ದ. ಮೂರು ವಾರದಲ್ಲಿ ಅವನೂ ಸರಿಯಾಗಿ ಉಂಡಿರಲಿಲ್ಲ. ಗಡ್ಡದಲ್ಲಿ ಬಿಳಿ ಕಾಣುತ್ತಿತ್ತು. ಅಳು ಬಂದುಬಿಡುತ್ತದೆ, ಬಂದರೆ ಮುಗಿಯಿತು ಎನಿಸಿತು. ಸುಶೀಲಮ್ಮ ಸೊಪ್ಪು ಹಿಡಿದು ನಿಂತದ್ದು ನೆನಪಾಯಿತು.

"ಏನೂ ಕೊಟ್ಟಿಲ್ಲಪ್ಪ," ಎಂದೆ.

ಅವನು ನನ್ನ ಮುಖವನ್ನು ಎಷ್ಟು ಹೊತ್ತು ನೋಡಿದನೋ. ಆಮೇಲೆ, "ಸರಿ, ಆಡು," ಎಂದ.

ಮರುದಿನ ಕಾಗದ ಕೊಟ್ಟೆ. ಸೆಲ್ವ ಕೈಯೊರೆಸಿಕೊಂಡು ಹೊರಗೆ ಬಂದು, "ದಿವ್ಯಾ ತಂಗಚ್ಚಿನಾ ನೀನು? ಅವ್ಳು ಊಟ ಮಾಡ್ತಿದಾಳಾ?" ಎಂದು ಮೊದಲು ಕೇಳಿದ. ಕಾಗದ ಆಮೇಲೆ ತೆಗೆದುಕೊಂಡ. ಶನಿವಾರ ಬೆಳಿಗ್ಗೆ ಅಪ್ಪ ಕಾರ್ಖಾನೆಗೆ ಹೋದ ಮೇಲೆ ಅಕ್ಕ ಎರಡು ಜೊತೆ ಬಟ್ಟೆ ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಆಗಷ್ಟೇ ಒಗೆದು ಹಾಕಿದ್ದ, ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಬಟ್ಟೆಗಳನ್ನು ತರುತ್ತೇನೆಂದು ತಾರಸಿಗೆ ಹೋದಳು. ಅವಳು ಕೆಳಗಿಳಿದು ಬಂದಾಗ ಅಕ್ಕ ಇರಲಿಲ್ಲ.

ಅಪ್ಪ ಅಂದು ಬಂದು, ಕೈ ತೊಳೆದು, ಕುರ್ಚಿಯಲ್ಲಿ ಕೂತು ನನ್ನನ್ನು ಕರೆದ.

"ಮೊನ್ನೆ ನನ್ನ ಮುಖ ನೋಡಿ ಹೇಳಿದೆಯಲ್ಲ."

"ಹೂಂ."

"ಚೆನ್ನಾಗಿ ಕಲ್ತಿದೀಯ," ಎಂದ.

ಅಷ್ಟೆ. ಆಮೇಲೆ ಅವನು ಎಂದೂ ನನ್ನ ಆಟದ ಪಕ್ಕ ಕೂರಲಿಲ್ಲ. ನಾನು ಒಬ್ಬಳೇ ಆಡಿದೆ. ಬೇಸಿಗೆ ರಜೆಯ ಹೊತ್ತಿಗೆ ಊರಿನ ಪ್ರತಿಯೊಂದು ಅಂಗಡಿಯೂ ನನ್ನದಾಗಿತ್ತು, ಬೀದಿಯಲ್ಲಿ ನಡೆದರೆ ಜನ ಟೋಪಿ ತೆಗೆಯುತ್ತಿದ್ದರು. ಮಾಡಲು ಯಾವ ಕೆಲಸವೂ ಉಳಿದಿರಲಿಲ್ಲ. ಸುಮ್ಮನೆ ಬೀದಿ ಬೀದಿ ತಿರುಗಿ, ಒಂದು ಮಧ್ಯಾಹ್ನ ಆರಿಸಿಬಿಟ್ಟೆ. ಮತ್ತೆ ಹಚ್ಚಲಿಲ್ಲ. ಆ ವರ್ಷದ ಮಳೆಗಾಲದಲ್ಲಿ ಸುಶೀಲಮ್ಮನವರು ಮನೆ ಖಾಲಿ ಮಾಡಿದರು. ಸಾಮಾನು ಆಟೋಗೆ ತುಂಬುವುದನ್ನು ನಾನು ಮೇಲಿನಿಂದ ನೋಡಿದೆ.

ಅಪ್ಪ ಸೋತದ್ದು ಎರಡು ವರ್ಷದ ಮೇಲೆ, ಅಕ್ಕನಿಗೆ ಮಗಳು ಹುಟ್ಟಿದಾಗ. ಹಲಸೂರಿನ ಮನೆಗೆ ಒಬ್ಬನೇ ಹೋಗಿ ಮಗುವನ್ನು ಎತ್ತಿಕೊಂಡು ಕೂತಿದ್ದನಂತೆ. ಅಲ್ಲಿಂದ ಹೋಗಿ ಬರುವುದು ಶುರುವಾಯಿತು, ಸೆಲ್ವ ನಮ್ಮ ಮನೆಯ ಅಳಿಯನಾದ. ನನ್ನ ಜೊತೆಗೂ ಅಪ್ಪ ಮಾತಾಡಿದ, ಓದಿಸಿದ, ಮದುವೆ ಮಾಡಿದ. ಆದರೆ ನನ್ನನ್ನು ಮತ್ತೆ ಯಾವತ್ತೂ ಏನನ್ನೂ ಕೇಳಲಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡ. ತಿಥಿಯೆಲ್ಲ ಮುಗಿದು ನೆಂಟರು ಹೋದ ಮೇಲೆ ಅಕ್ಕ ನಾನು ಕೃಷ್ಣರಾಜಪುರದ ಅವಳ ಮನೆಯಲ್ಲಿ ಅವರೆಕಾಳು ಬಿಡಿಸುತ್ತಾ ಕೂತಿದ್ದೆವು. ಅಕ್ಕ ತಾನಾಗಿಯೇ ಆ ದಿನಗಳ ಮಾತು ತೆಗೆದಳು.

"ಆಸ್ಪತ್ರೆಯಲ್ಲೂ ಒಂದ್ಸಲ ಕೇಳ್ದೆ ಕಣೇ. ಅವತ್ತು ಹೇಳಿದ್ದು ಸುಶೀಲಾ ಆಂಟಿ ತಾನೇ ಅಂತ. ಅಪ್ಪ ಬಾಯೇ ಬಿಡಲಿಲ್ಲ. ಆ ಕಡೆ ತಿರುಗಿ ಮಲಗಿಬಿಟ್ಟ."

"ಆಂಟಿ ಅಲ್ಲ ಅಕ್ಕ. ನಾನು."

ಅವಳ ಕೈ ನಿಂತಿತು. ಎಲ್ಲವನ್ನೂ ಹೇಳಿದೆ. ಕುರ್ಚಿ, ಆಟ, ದೀಪ ಹಚ್ಚಿದ ಮೇಲಿನ ಒಂದು ಗಂಟೆ. ಕನ್ನಡಕದ ಸಂಗತಿಯನ್ನೂ. ಅವಳು ನನ್ನನ್ನು ಬೈಯುತ್ತಾಳೆಂದು ಕಾದೆ, ಅಳುತ್ತಾಳೆಂದೂ ಕಾದೆ. ಅವಳು ಮೊರವನ್ನು ಪಕ್ಕಕ್ಕೆ ಸರಿಸಿ, ಕೈ ತೊಳೆದು, ಸೀರೆ ಬದಲಾಯಿಸಿಕೊಂಡು ಬಂದಳು.

"ಏಳು. ಅವರ ಮಗನ ಮನೆ ವಿಮಾನಪುರದಲ್ಲಿದೆ ಅಂತ ಅಮ್ಮ ಹೇಳ್ತಿದ್ಳು. ಫೋನ್ ಮಾಡಿ ಅಡ್ರೆಸ್ ಕೇಳು."

ಆಟೋದಲ್ಲಿ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಹಳೇ ಮದ್ರಾಸ್ ರಸ್ತೆಯ ಸೇತುವೆಯ ಕೆಳಗೆ ಅರ್ಧ ಗಂಟೆ ನಿಂತೆವು, ಆಗಲೂ ಮಾತಾಡಲಿಲ್ಲ. ಅಪ್ಪನ ಮೌನ ಅವಳಿಗೂ ಬಂದಿದೆಯೆಂದು ನನಗೆ ಆವರೆಗೆ ಗೊತ್ತಿರಲಿಲ್ಲ.

ಸುಶೀಲಮ್ಮ ತುಂಬ ಮುದುಕಿಯಾಗಿದ್ದರು. ಬಾಗಿಲು ತೆರೆದು, ಕಣ್ಣು ಕಿರಿದು ಮಾಡಿ ನೋಡಿ, "ದಿವ್ಯಾ," ಎಂದರು. ಅಕ್ಕ ನಿಂತಲ್ಲೇ ಅವರ ಎರಡೂ ಕೈ ಹಿಡಿದುಕೊಂಡಳು.

"ಆಂಟಿ, ಅವತ್ತು ಹೇಳಿದ್ದು ನೀವಲ್ಲ. ನನಗೆ ಇವತ್ತು ಗೊತ್ತಾಯ್ತು."

"ನಾನಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತಲ್ಲಮ್ಮ," ಎಂದರು ಸುಶೀಲಮ್ಮ. "ಒಳಗೆ ಬನ್ನಿ."

ಕುರ್ಚಿ ತೋರಿಸಿದರು. ಅಕ್ಕ ಕೂತಳು. ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ಗೋಡೆ ಹಿಡಿದುಕೊಂಡು ನಿಧಾನವಾಗಿ ನನ್ನ ಹತ್ತಿರ ಬಂದರು.

"ಕೆರೆ ಹತ್ರ ಮರದ ಹಿಂದೆ ನಿನ್ನ ಯೂನಿಫಾರಂ ಕಾಣ್ತಿತ್ತು," ಎಂದರು. "ಚಿಕ್ಕ ಮಗು, ನಾನು ಬಾಯಿಬಿಟ್ರೆ ಅಕ್ಕ ತಂಗಿ ಬೇರೆ ಆಗ್ಬಿಡ್ತೀರ ಅಂತ ಸುಮ್ನಿದ್ದೆ. ನೀನೇ ಒಂದಿನ ಬಂದು ಹೇಳ್ತೀಯ ಅಂತ ಆ ಮನೇಲಿ ಮಳೆಗಾಲದವರೆಗೂ ಕಾದೆ ಕಣಮ್ಮ. ಆಮೇಲೆ ಅಲ್ಲಿರೋಕೆ ಆಗಲಿಲ್ಲ."